ಪಶುವೈದ್ಯ ವೃತ್ತಿಯ ನಿಯಂತ್ರಣ ಮತ್ತು ದೂರಿನ ದಾರಿ

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ, ಹತ್ತಿಕುಣಿ)

ಭಾರತದಲ್ಲಿ ಪಶುವೈದ್ಯ ವೃತ್ತಿಯನ್ನು ನಿಯಂತ್ರಿಸುವ ಮೂಲ ಕಾನೂನು 1984ರ ಭಾರತೀಯ ಪಶುವೈದ್ಯ ಪರಿಷತ್ತು ಕಾಯ್ದೆ. ಪಶುವೈದ್ಯ ಎನ್ನಿಸಿಕೊಳ್ಳಲು ಏನು ಓದಿರಬೇಕು, ಹೆಸರು ಯಾವ ನೋಂದಣಿ ಪುಸ್ತಕದಲ್ಲಿ ಇರಬೇಕು, ಹೆಸರಿದ್ದವರಿಗೆ ಯಾವ ಹಕ್ಕು, ತಪ್ಪಿ ನಡೆದರೆ ಆ ಹೆಸರನ್ನು ತೆಗೆಯುವವರು ಯಾರು ಎಂಬುದೆಲ್ಲ ಇದರಲ್ಲಿದೆ. ಮನುಷ್ಯರ ವೈದ್ಯಕೀಯ ವೃತ್ತಿ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ಅದರ ಬಗ್ಗೆ ಸಂಸತ್ತು ನೇರವಾಗಿ ಕಾನೂನು ಮಾಡಬಲ್ಲದು. ಪಶುವೈದ್ಯ ತರಬೇತಿ ಮತ್ತು ವೃತ್ತಿ ಹಾಗಲ್ಲ. ಅವು ರಾಜ್ಯ ಪಟ್ಟಿಯ 15ನೇ ನಮೂದಿನಲ್ಲಿವೆ. ಹೀಗಾಗಿ 252ನೇ ವಿಧಿಯ ದಾರಿ ಹಿಡಿಯಬೇಕಾಯಿತು. ಹರಿಯಾಣ, ಬಿಹಾರ, ಒಡಿಶಾ, ರಾಜಸ್ಥಾನ ಮೊದಲಾದ ಕೆಲವು ರಾಜ್ಯಗಳು ನಿರ್ಣಯ ಮಾಡಿ ಕೇಳಿಕೊಂಡ ಮೇಲೆ ಸಂಸತ್ತು ಕಾಯ್ದೆ ಮಾಡಿತು. ಕರ್ನಾಟಕವೂ ಸೇರಿ ಉಳಿದ ರಾಜ್ಯಗಳು ಆಮೇಲೆ ಅದನ್ನು ಒಪ್ಪಿಕೊಂಡವು. ಕೇಂದ್ರದ ಭಾರತೀಯ ಪಶುವೈದ್ಯ ಪರಿಷತ್ತು ರಚನೆಯಾದದ್ದು 1989ರಲ್ಲಿ.

ಕೇಂದ್ರ ಮತ್ತು ರಾಜ್ಯ ಪರಿಷತ್ತುಗಳ ನಡುವೆ ಕೆಲಸ ಹಂಚಿಹೋಗಿದೆ. ಕೇಂದ್ರ ಪರಿಷತ್ತು ಶಿಕ್ಷಣದ ಕನಿಷ್ಠ ಮಟ್ಟ ಗೊತ್ತುಮಾಡುತ್ತದೆ, ಕಾಲೇಜುಗಳನ್ನು ಪರಿಶೀಲಿಸುತ್ತದೆ, ನಡವಳಿಕೆಯ ನಿಯಮಗಳನ್ನು ರೂಪಿಸುತ್ತದೆ, ದೇಶದ ಎಲ್ಲ ಪಶುವೈದ್ಯರ ಹೆಸರಿರುವ ಭಾರತೀಯ ನೋಂದಣಿ ಪುಸ್ತಕವನ್ನು ಇಟ್ಟುಕೊಂಡಿರುತ್ತದೆ. ರಾಜ್ಯ ಪರಿಷತ್ತಿನದು ವೈದ್ಯರೊಂದಿಗೆ ನೇರ ವ್ಯವಹಾರ: ನೋಂದಣಿ, ನವೀಕರಣ, ವಿಚಾರಣೆ, ಶಿಸ್ತುಕ್ರಮ. ಕರ್ನಾಟಕ ಪಶುವೈದ್ಯ ಪರಿಷತ್ತಿನ ಕಚೇರಿ ಇರುವುದು ಬೆಂಗಳೂರಿನ ಹೆಬ್ಬಾಳದಲ್ಲಿ. ಬೀದರಿನಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ತರಬೇತಿಯೂ ಸೇರಿ ಐದೂವರೆ ವರ್ಷ ಓದಿ ಬಿ.ವಿ.ಎಸ್‌ಸಿ. ಪದವಿ ಪಡೆದವರು ಇಲ್ಲಿ ಹೆಸರು ನೋಂದಾಯಿಸಿಕೊಂಡು, ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಿಕೊಳ್ಳಬೇಕು. ಪದವಿ ಕೈಗೆ ಬಂದ ಮಾತ್ರಕ್ಕೆ ಚಿಕಿತ್ಸೆ ಮಾಡುವ ಹಕ್ಕು ಬರುವುದಿಲ್ಲ. ನೋಂದಣಿ ಸಂಖ್ಯೆ ಬಂದ ಮೇಲೆ ಬರುತ್ತದೆ.

ಈ ಹಕ್ಕು ಏನೆಂಬುದನ್ನು ಕಾಯ್ದೆಯ 30ನೇ ಕಲಂ ಹೇಳುತ್ತದೆ. ಸರ್ಕಾರಿ ಪಶುವೈದ್ಯಾಧಿಕಾರಿಯ ಹುದ್ದೆ ಹಿಡಿಯುವುದು, ಪಶುವೈದ್ಯ ವೃತ್ತಿ ನಡೆಸುವುದು, ಕಾನೂನು ಕೇಳುವ ಪ್ರಮಾಣಪತ್ರಕ್ಕೆ ಸಹಿ ಹಾಕುವುದು, ನ್ಯಾಯಾಲಯದಲ್ಲಿ ತಜ್ಞ ಸಾಕ್ಷಿ ನುಡಿಯುವುದು, ಈ ನಾಲ್ಕೂ ನೋಂದಾಯಿತ ಪಶುವೈದ್ಯರಿಗೆ ಮಾತ್ರ. ಮಹಾರಾಷ್ಟ್ರದಲ್ಲಿ ಹಳೆಯ ಕಾಯ್ದೆಯ ಆಸರೆಯಲ್ಲಿ ಡಿಪ್ಲೊಮಾ ಮೇಲೆಯೇ ವೃತ್ತಿ ನಡೆಸುತ್ತಿದ್ದವರು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಉದಯ್ ಸಿಂಗ್ ಡಾಗರ್ ಪ್ರಕರಣವೆಂದು ಹೆಸರಾದ ಆ ದಾವೆಯಲ್ಲಿ 2007ರಲ್ಲಿ ಬಂದ ತೀರ್ಪು ಕಾಯ್ದೆಯನ್ನೇ ಎತ್ತಿಹಿಡಿಯಿತು. ವೃತ್ತಿ ಮಾಡುವ ಹಕ್ಕು ಮೂಲಭೂತವಾದರೂ, ಅದಕ್ಕೆ ಬೇಕಾದ ಅರ್ಹತೆಯನ್ನು ಕಾನೂನು ಗೊತ್ತುಮಾಡಬಹುದು ಎಂಬುದು ಅದರ ಸಾರ.

ಅದೇ ಕಲಂನಲ್ಲಿ ಒಂದು ವಿನಾಯಿತಿಯೂ ಇದೆ. ಹಳ್ಳಿಗಳ ಮಟ್ಟಿಗೆ ಕಾಯ್ದೆಯ ಬಾಕಿ ಭಾಗಕ್ಕಿಂತ ಈ ವಿನಾಯಿತಿಯೇ ಹೆಚ್ಚು ಬಳಕೆಯಲ್ಲಿದೆ. ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದ ಸಿಬ್ಬಂದಿ, ರಾಜ್ಯ ಸರ್ಕಾರದ ಆದೇಶವಿದ್ದರೆ, ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ ಸಣ್ಣಪುಟ್ಟ ಸೇವೆ ಕೊಡಬಹುದು. ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ಇತರ ಪ್ರಾಥಮಿಕ ಚಿಕಿತ್ಸೆ ಇದರಲ್ಲಿ ಬರುತ್ತವೆ. ಯಾದಗಿರಿ ಜಿಲ್ಲೆಯ ಹತ್ತಿಕುಣಿಯ ಆಸುಪಾಸಿನಲ್ಲಾಗಲಿ, ಶಹಾಪುರ, ಸುರಪುರದ ಒಳಹಳ್ಳಿಗಳಲ್ಲಾಗಲಿ, ಕೊಟ್ಟಿಗೆಗೆ ಮೊದಲು ಬರುವವರು ಪಶುವೈದ್ಯ ಪರೀಕ್ಷಕರು, ಕೃತಕ ಗರ್ಭಧಾರಣೆ ಮಾಡುವ ಮೈತ್ರಿ ಕಾರ್ಯಕರ್ತರು, ಪಶುಸಖಿಯರು. ಊರಿನವರ ಬಾಯಲ್ಲಿ ಇವರೆಲ್ಲರೂ ‘ಡಾಕ್ಟರ್’ರೇ. ಅವರ ಸೇವೆಯನ್ನು ಕಡೆಗಣಿಸುವಂತಿಲ್ಲ. ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಐದು ಸಾವಿರ ಜಾನುವಾರು ಘಟಕಕ್ಕೊಬ್ಬ ಪಶುವೈದ್ಯ ಬೇಕೆಂದು ಹೇಳಿತ್ತು, ಆ ಲೆಕ್ಕ ಮುಟ್ಟದ ಕಡೆ ಇವರೇ ಆಸರೆ. ತೊಡಕು ಇರುವುದು ‘ಮೇಲ್ವಿಚಾರಣೆ’ ಎಂಬ ಷರತ್ತಿನಲ್ಲಿ. ವೈದ್ಯ ಪಕ್ಕದಲ್ಲೇ ನಿಂತಿರಬೇಕೆ, ಫೋನಿನಲ್ಲಿ ಹೇಳಿದರೆ ಸಾಕೆ, ತಿಂಗಳಿಗೊಮ್ಮೆ ದಾಖಲೆ ನೋಡಿದರೆ ಆಯಿತೆ ಎಂಬುದನ್ನು ಕಾಯ್ದೆ ಬಿಡಿಸಿ ಹೇಳಿಲ್ಲ. ಅನಾಹುತವಾದಾಗ ಹೊಣೆ ಯಾರದು ಎಂಬ ಪ್ರಶ್ನೆ ಮೊದಲು ಎಡವುವುದು ಇಲ್ಲಿಯೇ.

ನೋಂದಾಯಿತರ ನಡವಳಿಕೆಗೆ 1992ರ ನಿಯಮಾವಳಿ ಇದೆ. ಜಾಹೀರಾತು ಹಾಕಿ ಗಿರಾಕಿ ಕರೆಯಬಾರದು, ಔಷಧಿ ಅಂಗಡಿಯಿಂದಾಗಲಿ ಮತ್ತೊಬ್ಬ ವೈದ್ಯರಿಂದಾಗಲಿ ಕಮಿಷನ್ ತೆಗೆದುಕೊಳ್ಳಬಾರದು, ಸುಳ್ಳು ಪ್ರಮಾಣಪತ್ರ ಕೊಡಬಾರದು ಎಂಬಂಥ ಕಟ್ಟಳೆಗಳು ಅದರಲ್ಲಿವೆ. ಇವುಗಳಲ್ಲಿ ಪ್ರಮಾಣಪತ್ರದ ಮಾತು ಯಾದಗಿರಿ ಜಿಲ್ಲೆಯ ಕುರಿಗಾರರಿಗೆ ನೇರವಾಗಿ ತಾಗುತ್ತದೆ. ಆಕಸ್ಮಿಕವಾಗಿ ಸತ್ತ ಜಾನುವಾರಿಗೆ ರಾಜ್ಯ ಸರ್ಕಾರ ಅನುಗ್ರಹ ಯೋಜನೆಯಲ್ಲಿ ಪರಿಹಾರ ಕೊಡುತ್ತದೆ. 2025–26ರ ಬಜೆಟ್ಟಿನಲ್ಲಿ ಅದನ್ನು ಆಕಳು, ಎಮ್ಮೆ, ಎತ್ತಿಗೆ 15,000 ರೂಪಾಯಿಗೂ ಕುರಿ–ಮೇಕೆಗೆ 7,500 ರೂಪಾಯಿಗೂ ಏರಿಸಲಾಯಿತು. ಈ ಹಣ ಕೈಸೇರಲು ಪಶುವೈದ್ಯರ ಮರಣೋತ್ತರ ಪರೀಕ್ಷೆಯ ವರದಿ ಬೇಕು. ವಿಮೆಯ ಹಣಕ್ಕೂ ಬೇಕು. ಹೊಟ್ಟೆ ಸೀಳಿ ನೋಡದೆ ಬರೆದ ವರದಿ, ಹಣ ಕೊಟ್ಟವರಿಗೆ ಮಾತ್ರ ಸಿಗುವ ವರದಿ, ಎರಡೂ ವೃತ್ತಿದ್ರೋಹವೇ. ಚಿಕಿತ್ಸೆ ತಪ್ಪಿದಾಗ ಸಾಯುವುದು ಒಂದು ಪ್ರಾಣಿ, ಸುಳ್ಳು ವರದಿಯಾದರೆ ರೋಗದ ಸುಳಿವೇ ಮುಚ್ಚಿಹೋಗಿ ಇಡೀ ದಡ್ಡಿಯ ಕುರಿಗಳು ಅಪಾಯಕ್ಕೆ ಸಿಗುತ್ತವೆ. ಕರುಳುಬೇನೆಯೋ ಪಿಪಿಆರ್ ರೋಗವೋ ಎಂದು ಗೊತ್ತಾಗುವುದು ಮೊದಲ ಸಾವಿನ ಪರೀಕ್ಷೆ ಸರಿಯಾಗಿ ಆದಾಗ.

ದೂರಿನ ವಿಷಯಕ್ಕೆ ಬಂದರೆ, ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಯಾವುದು ತಪ್ಪು, ಯಾವುದು ಅಲ್ಲ ಎಂಬುದು. ಪ್ರಾಣಿ ಸತ್ತಿತು ಎಂಬುದೊಂದೇ ತಪ್ಪಿಗೆ ಪುರಾವೆಯಲ್ಲ. ಸಾಮಾನ್ಯ ಜಾಣ್ಮೆಯ, ಎಚ್ಚರವುಳ್ಳ ಪಶುವೈದ್ಯ ಅಂಥ ಸಂದರ್ಭದಲ್ಲಿ ಮಾಡುತ್ತಿದ್ದುದನ್ನು ಈ ವೈದ್ಯರು ಮಾಡಿದರೋ ಇಲ್ಲವೋ ಎಂಬುದು ಅಳತೆಗೋಲು. ಹಾಲುಜ್ವರದ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಹೆಚ್ಚು ಹಾಲು ಕೊಡುವ ಆಕಳು ಕರು ಹಾಕಿದ ಒಂದೆರಡು ದಿನಗಳಲ್ಲಿ, ರಕ್ತದ ಕ್ಯಾಲ್ಸಿಯಂ ಇಳಿದು, ಕಾಲು ಮಡಚಿ ಬೀಳುತ್ತದೆ. ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗುತ್ತದೆ, ಕಿವಿ ತಣ್ಣಗಾಗುತ್ತವೆ. ಕ್ಯಾಲ್ಸಿಯಂ ದ್ರಾವಣವನ್ನು ರಕ್ತನಾಳಕ್ಕೆ ಕೊಟ್ಟರೆ ಎಷ್ಟೋ ಸಲ ಕೆಲ ಹೊತ್ತಿನಲ್ಲೇ ಎದ್ದು ನಿಲ್ಲುತ್ತದೆ. ಅದೇ ದ್ರಾವಣವನ್ನು ಅವಸರದಲ್ಲಿ ಒಮ್ಮೆಲೇ ಹರಿಸಿದರೆ ಹೃದಯವೇ ನಿಲ್ಲಬಹುದು. ಬಾಟಲಿಯನ್ನು ಮೈಯ ಶಾಖಕ್ಕೆ ಬೆಚ್ಚಗೆ ಮಾಡಿಕೊಂಡು, ಎದೆಬಡಿತ ಕೇಳುತ್ತ, ಲಯ ತಪ್ಪಿದರೆ ನಿಲ್ಲಿಸುತ್ತ ನಿಧಾನವಾಗಿ ಕೊಡಬೇಕು. ಆಕಳು ಸತ್ತರೆ ವಿಚಾರಣೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು: ಸೂಜಿ ಚುಚ್ಚಿದವರು ಯಾರು? ಅವರು ನೋಂದಾಯಿತರೆ? ಎಷ್ಟು ಹೊತ್ತಿನಲ್ಲಿ ಬಾಟಲಿ ಖಾಲಿಯಾಯಿತು? ಎದೆಗೆ ಸ್ಟೆತಸ್ಕೋಪು ಇಟ್ಟಿದ್ದರೋ ಇಲ್ಲವೋ? ನಿಧಾನವಾಗಿ, ಎಚ್ಚರದಿಂದ ಕೊಟ್ಟೂ ಆಕಳು ಉಳಿಯದಿದ್ದರೆ ಅದು ರೋಗದ ಬಲ, ವೈದ್ಯರ ತಪ್ಪಲ್ಲ. ನೋಂದಣಿ ಇಲ್ಲದವರು ಒಬ್ಬರೇ ಬಂದು ಐದು ನಿಮಿಷದಲ್ಲಿ ಮುಗಿಸಿ ಹೋಗಿದ್ದರೆ, ಆಕಳು ಬದುಕಿದ್ದರೂ ಅದು ತಪ್ಪೇ.

ತಪ್ಪು ಎಂದು ಗೊತ್ತಾದ ಮೇಲೆ ಎಲ್ಲಿಗೆ ಹೋಗಬೇಕು? ಒಂದೇ ಬಾಗಿಲಿಲ್ಲ, ಯಾವ ಬಾಗಿಲು ಎಂಬುದು ದೂರುದಾರನಿಗೆ ಏನು ಬೇಕು ಎಂಬುದರ ಮೇಲಿದೆ. ಸರ್ಕಾರಿ ಆಸ್ಪತ್ರೆಯ ವೈದ್ಯರು ಕರೆದರೂ ಬರಲಿಲ್ಲ, ಬಾಗಿಲು ತೆರೆದಿರಲಿಲ್ಲ, ಉಚಿತ ಲಸಿಕೆಗೆ ಹಣ ಕೇಳಿದರು ಎಂಬಂಥವು ಇಲಾಖೆಯ ಶಿಸ್ತಿನ ವಿಷಯ. ತಾಲ್ಲೂಕಿನ ಸಹಾಯಕ ನಿರ್ದೇಶಕರಿಗೆ, ಮುಂದೆ ಜಿಲ್ಲೆಯ ಉಪ ನಿರ್ದೇಶಕರಿಗೆ ಬರೆದುಕೊಟ್ಟರೆ 1957ರ ನಾಗರಿಕ ಸೇವಾ ನಿಯಮಗಳ ಪ್ರಕಾರ ವಿಚಾರಣೆ ನಡೆಯಬಹುದು. 1902 ಸಂಖ್ಯೆಗೆ ಕರೆ ಮಾಡಿಯೂ ಅಹವಾಲು ದಾಖಲಿಸಬಹುದು. ಲಂಚದ ಮಾತಾದರೆ ಲೋಕಾಯುಕ್ತವಿದೆ. ಅಲ್ಲಿಗೆ ನಿಗದಿತ ನಮೂನೆಯ ಜೊತೆ ಅಫಿಡವಿಟ್ಟನ್ನೂ ಕೊಡಬೇಕು. ದೂರು ಕೊಟ್ಟ ಮೇಲೆ ಏನಾಯಿತೆಂದು ಯಾರೂ ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದರೆ 30 ದಿನಗಳಲ್ಲಿ ಉತ್ತರ ಸಿಗಬೇಕು.

ವೈದ್ಯರು ವೃತ್ತಿಗೆ ತಕ್ಕವರಲ್ಲ ಎಂದು ಹೇಳಬೇಕಾದರೆ ರಾಜ್ಯ ಪಶುವೈದ್ಯ ಪರಿಷತ್ತಿಗೇ ಹೋಗಬೇಕು. ಸರ್ಕಾರಿ ನೌಕರರಾಗಲಿ, ಖಾಸಗಿಯವರಾಗಲಿ, ನೋಂದಣಿ ಇದ್ದವರೆಲ್ಲರೂ ಅದರ ವ್ಯಾಪ್ತಿಯಲ್ಲಿದ್ದಾರೆ. ವೈದ್ಯರ ಹೆಸರು, ನಡೆದ ದಿನ, ಸ್ಥಳ, ಪ್ರಾಣಿಯ ವಿವರ, ಕೊಟ್ಟ ಔಷಧಿ, ನಡೆದ ಸಂಗತಿ ಇವನ್ನು ಲಿಖಿತವಾಗಿ, ಸಹಿ ಮಾಡಿ ಕೊಡಬೇಕು. ವೈದ್ಯರಿಗೆ ತಮ್ಮ ಮಾತು ಹೇಳಿಕೊಳ್ಳಲು ಅವಕಾಶ ಕೊಡದೆ ಪರಿಷತ್ತು ಏನೂ ಮಾಡುವಂತಿಲ್ಲ. ಬೇಕೆನಿಸಿದರೆ ಮುಂದಿನ ವಿಚಾರಣೆ ನಡೆಸಬಹುದು. ನೋಂದಣಿಯನ್ನು ಸುಳ್ಳು ಹೇಳಿ ಪಡೆದಿದ್ದರೆ, ಅಪರಾಧಕ್ಕೆ ಶಿಕ್ಷೆಯಾಗಿದ್ದರೆ, ವೃತ್ತಿಯಲ್ಲಿ ನಾಚಿಕೆಗೇಡಿನ ನಡತೆ ಸಾಬೀತಾದರೆ, ನಡವಳಿಕೆಯ ನಿಯಮ ಮುರಿದಿದ್ದರೆ ಹೆಸರು ತೆಗೆಯಬಹುದು. ಅದು ಶಾಶ್ವತವಾಗಿಯೂ ಆಗಬಹುದು, ಇಂತಿಷ್ಟು ಕಾಲಕ್ಕೂ ಆಗಬಹುದು. ಹೆಸರು ಹೋದ ದಿನದಿಂದ 30ನೇ ಕಲಂನ ನಾಲ್ಕೂ ಹಕ್ಕು ಹೋಗುತ್ತವೆ. ಇದಕ್ಕಿಂತ ದೊಡ್ಡ ಶಿಕ್ಷೆ ವೈದ್ಯರಿಗೆ ಬೇರೊಂದಿಲ್ಲ. ಆದರೆ ಸತ್ತ ಎತ್ತಿನ ಬೆಲೆಯನ್ನು ಕೊಡಿಸುವ ಅಧಿಕಾರ ಪರಿಷತ್ತಿಗೆ ಇಲ್ಲ. ಪರಿಹಾರಕ್ಕೆಂದು ಇಲ್ಲಿಗೆ ಬಂದವರು ಕೊನೆಗೆ ಬರಿಗೈಯಲ್ಲಿ ಹೋಗುತ್ತಾರೆ. ಈ ಮಾತು ಮೊದಲೇ ತಿಳಿದಿರುವುದು ಒಳ್ಳೆಯದು.

ಪರಿಹಾರ ಬೇಕಿದ್ದರೆ ಇರುವುದು ಗ್ರಾಹಕ ಆಯೋಗ. ಹಣ ಕೊಟ್ಟು ಪಡೆದ ಪಶುಚಿಕಿತ್ಸೆಯೂ ಸೇವೆಯೇ ಎಂದು ಆಯೋಗಗಳು ಪ್ರಕರಣಗಳನ್ನು ಕೈಗೆತ್ತಿಕೊಂಡಿವೆ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿತು. ಅದೇ ತೀರ್ಪು, ಎಲ್ಲರಿಗೂ ಉಚಿತವಾಗಿ ಕೊಡುವ ಸೇವೆಯನ್ನು ಹೊರಗಿಟ್ಟಿತು. ಚೀಟಿ ಮಾಡಿಸಲು ಕೊಟ್ಟ ಚಿಲ್ಲರೆ ಹಣವನ್ನು ಶುಲ್ಕವೆಂದು ಎಣಿಸುವಂತಿಲ್ಲ ಎಂದಿತು. ಈ ತತ್ವದ ಪ್ರಕಾರ ಸರ್ಕಾರಿ ಪಶು ಆಸ್ಪತ್ರೆಯ ಉಚಿತ ಚಿಕಿತ್ಸೆಯ ಮೇಲೆ ಗ್ರಾಹಕ ದೂರು ನಿಲ್ಲುವುದು ಕಷ್ಟ. ಖಾಸಗಿಯಾಗಿ ಹಣ ಪಡೆದು ಮಾಡಿದ ಚಿಕಿತ್ಸೆಗೆ ಆ ತೊಡಕಿಲ್ಲ. 2019ರ ಹೊಸ ಕಾಯ್ದೆ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಲು ಬಿಟ್ಟಿದೆ. ದೂರಿನ ಶುಲ್ಕವನ್ನು ಲೆಕ್ಕ ಹಾಕುವುದು ಕೇಳಿದ ಪರಿಹಾರದ ಮೇಲಲ್ಲ, ಸೇವೆಗೆ ಕೊಟ್ಟ ಹಣದ ಮೇಲೆ. ಅದು ಐದು ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಇರಲೇಬೇಕೆಂದಿಲ್ಲ. ಘಟನೆಯಿಂದ ಎರಡು ವರ್ಷದೊಳಗೆ ದೂರು ಹೋಗಬೇಕು. ಕುರಿ ಸಾಕುವುದು ವ್ಯಾಪಾರ, ಹಾಗಾಗಿ ಕುರಿಗಾರ ಗ್ರಾಹಕನಲ್ಲ ಎಂಬ ವಾದ ಎದುರಾಗಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರು ಗ್ರಾಹಕರೇ ಎಂದು ಕಾಯ್ದೆಯ ವಿವರಣೆಯಲ್ಲೇ ಇದೆ.

ಯಾವ ಬಾಗಿಲಿಗೆ ಹೋದರೂ ದೂರು ನಿಲ್ಲುವುದು ಕಾಗದದ ಮೇಲೆ, ಬೀಳುವುದೂ ಕಾಗದವಿಲ್ಲದೆ. ಔಷಧಿಯ ಚೀಟಿಯಲ್ಲಿ ವೈದ್ಯರ ಹೆಸರು, ನೋಂದಣಿ ಸಂಖ್ಯೆ, ತಾರೀಖು, ಪ್ರಾಣಿಯ ಕಿವಿಯೋಲೆ ಸಂಖ್ಯೆ, ಔಷಧಿ ಮತ್ತು ಪ್ರಮಾಣ ಇದ್ದರೆ ಅರ್ಧ ಕೆಲಸ ಆದಂತೆ. ಜಂತುನಾಶಕ ಕುಡಿಸಿದ ಮಾರನೆಯ ದಿನ ಹತ್ತು ಕುರಿ ಸತ್ತರೆ, ಮೊದಲು ಉಳಿದ ಔಷಧಿಯ ಡಬ್ಬಿಯನ್ನು ಬ್ಯಾಚ್ ಸಂಖ್ಯೆ ಕಾಣುವಂತೆ ತೆಗೆದಿಡಬೇಕು. ಸತ್ತವನ್ನು ಹೂಳುವ ಮುಂಚೆ, ಸಾಧ್ಯವಾದರೆ ಚಿಕಿತ್ಸೆ ಕೊಟ್ಟವರಲ್ಲದ ಬೇರೆ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಬೇಕು. ಯಕೃತ್ತು, ಮೂತ್ರಪಿಂಡ, ಹೊಟ್ಟೆಯ ಸಾರದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಲು ಕೇಳಬೇಕು. ಯಾದಗಿರಿಯ ಬೇಸಿಗೆಯಲ್ಲಿ ಸತ್ತ ಕುರಿ ಕೆಲವೇ ತಾಸಿನಲ್ಲಿ ಉಬ್ಬಿ ಕೊಳೆಯತೊಡಗುತ್ತದೆ. ಮಧ್ಯಾಹ್ನ ದಾಟಿದರೆ ಅಂಗಾಂಶದಿಂದ ಸಾವಿನ ಕಾರಣ ಹೇಳುವುದು ಕಷ್ಟ. ಪಂಚರ ಸಮಕ್ಷಮ ಪಂಚನಾಮೆ, ಒಂದೆರಡು ಫೋಟೊ, ಸತ್ತ ಹೊತ್ತಿನ ಗುರುತು, ಇಷ್ಟಿದ್ದರೆ ವಿಚಾರಣೆ ಮಾಡುವವರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ. ಇದು ಪ್ರಾಮಾಣಿಕ ವೈದ್ಯರನ್ನೂ ಕಾಯುತ್ತದೆ. ಸುಳ್ಳು ದೂರು ಬಂದಾಗ ಅವರ ಪರವಾಗಿ ಮಾತಾಡುವುದು ಆಸ್ಪತ್ರೆಯ ಹೊರರೋಗಿ ಪುಸ್ತಕದಲ್ಲಿ ಆ ದಿನ ಬರೆದಿಟ್ಟ ಎರಡು ಸಾಲು.

ಔಷಧಿಯೇ ಕೆಟ್ಟಿದ್ದರೆ ದೂರು ವೈದ್ಯರ ಮೇಲಲ್ಲ, ಔಷಧ ನಿಯಂತ್ರಣ ಇಲಾಖೆಗೆ ಹೋಗಬೇಕು. ಅದಕ್ಕೆ ಹೊಂದಿಕೊಂಡ ಇನ್ನೊಂದು ನಿಯಮ ಹಾಲು ಕುಡಿಯುವ ಎಲ್ಲರಿಗೂ ಸಂಬಂಧಿಸಿದೆ. ಆಹಾರ ಕೊಡುವ ಪ್ರಾಣಿಗೆ ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು, ಮಾಂಸ ಬಳಸಬಾರದು ಎಂಬುದನ್ನು ಬಾಟಲಿಯ ಮೇಲೆ ಬರೆದಿರಬೇಕು; ಬರೆದಿಲ್ಲದಿದ್ದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ ಎಂದು ಔಷಧ ನಿಯಮಗಳ 2012ರ ತಿದ್ದುಪಡಿ ಹೇಳುತ್ತದೆ. ಇದನ್ನು ಮಾಲೀಕರಿಗೆ ಹೇಳದೆ ಹೋಗುವುದು ವೈದ್ಯರ ಕರ್ತವ್ಯಲೋಪ. ಇಂಥ ದೂರು ಮಾತ್ರ ಬರುವುದು ತೀರ ಅಪರೂಪ, ಏಕೆಂದರೆ ಹಾನಿ ಆಗುವುದು ದೂರು ಕೊಡಬೇಕಾದವರ ಮನೆಯಲ್ಲಲ್ಲ.

ಈ ವ್ಯವಸ್ಥೆಯ ದೊಡ್ಡ ಬಿರುಕು ನೋಂದಣಿಯೇ ಇಲ್ಲದವರ ವಿಷಯದಲ್ಲಿದೆ. ಪರಿಷತ್ತಿನ ಕೈಯಲ್ಲಿರುವ ಅಸ್ತ್ರ ಹೆಸರು ತೆಗೆಯುವುದು. ಪುಸ್ತಕದಲ್ಲಿ ಹೆಸರೇ ಇಲ್ಲದವರಿಂದ ತೆಗೆಯುವುದೇನು? ನೋಂದಾಯಿತನೆಂದು ಸುಳ್ಳು ಹೇಳಿಕೊಳ್ಳುವುದು ಕಾಯ್ದೆಯಲ್ಲಿ ಶಿಕ್ಷಾರ್ಹ ಅಪರಾಧ, ಆದರೆ ಅದನ್ನು ನ್ಯಾಯಾಲಯದಲ್ಲಿ ಸಾಬೀತುಮಾಡಬೇಕು. ಬೈಕಿನ ಡಿಕ್ಕಿಯಲ್ಲಿ ಸಿರಿಂಜು, ಆಂಟಿಬಯೋಟಿಕ್ ಬಾಟಲಿ ಇಟ್ಟುಕೊಂಡು ತಿರುಗುವವರು ಬಾಯಿಬಿಟ್ಟು ‘ನಾನು ಪಶುವೈದ್ಯ’ ಎನ್ನುವುದೂ ಇಲ್ಲ, ಚೀಟಿ ಬರೆಯುವುದೂ ಇಲ್ಲ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿ, ರೈತರು ಕಂಗಾಲಾಗಿ ಯಾರು ಸಿಕ್ಕರೆ ಅವರ ಕೈಗೆ ದನ ಒಪ್ಪಿಸುವಂಥ ಸ್ಥಿತಿ ಬಂದಾಗ ಇದರ ಅಪಾಯ ಎದ್ದು ಕಾಣುತ್ತಿತ್ತು. ಆ ರೋಗ ವೈರಸ್ಸಿನದು; ನೋವು, ಜ್ವರ, ಗಾಯದ ಸೋಂಕು ಇಳಿಸುವ ಚಿಕಿತ್ಸೆ ಇದೆಯೇ ಹೊರತು ವೈರಸ್ಸನ್ನು ಕೊಲ್ಲುವ ಸೂಜಿ ಇಲ್ಲ. ಒಂದೇ ಸೂಜಿಯಿಂದ ಹತ್ತು ದನಕ್ಕೆ ಚುಚ್ಚಿದರೆ ಸೋಂಕು ಇಲ್ಲದ್ದಕ್ಕೂ ಹತ್ತಬಹುದು. ಅಂಥವರನ್ನು ದೂರುವುದು ಸುಲಭ. ವೈದ್ಯರಿಲ್ಲದ ಜಾಗವನ್ನು ಅವರು ತುಂಬಿದ್ದಾರೆ ಎಂಬುದೂ ಅಷ್ಟೇ ನಿಜ. ಖಾಲಿ ಹುದ್ದೆ ತುಂಬದೆ, 1962 ಸಂಖ್ಯೆಗೆ ಕರೆದಾಗ ಸಂಚಾರಿ ಚಿಕಿತ್ಸಾ ವಾಹನ ಸಕಾಲಕ್ಕೆ ಬಾರದೆ, ಬರಿ ದಂಡನೆಯಿಂದ ಅವರ ಕಾಟ ನಿಲ್ಲದು.

ಗಡಿಯ ತೊಡಕು ಸಣ್ಣದು, ಆದರೂ ಇಲ್ಲಿಯದೇ. ಗುರುಮಠಕಲ್ ಕಡೆಯ ಕುರಿಗಳು ಗಡಿ ದಾಟಿ ತೆಲಂಗಾಣದ ನಾರಾಯಣಪೇಟೆಯ ಸೀಮೆಯಲ್ಲಿ ಚಿಕಿತ್ಸೆ ಪಡೆದರೆ, ದೂರು ಹೋಗಬೇಕಾದದ್ದು ಆ ವೈದ್ಯರ ಹೆಸರು ಯಾವ ರಾಜ್ಯದ ಪುಸ್ತಕದಲ್ಲಿದೆಯೋ ಆ ರಾಜ್ಯದ ಪರಿಷತ್ತಿಗೆ. ಚೀಟಿಯ ಮೇಲಿನ ನೋಂದಣಿ ಸಂಖ್ಯೆ ಇದನ್ನು ಹೇಳುತ್ತದೆ.

ವೃತ್ತಿಯವರೇ ವೃತ್ತಿಯವರ ವಿಚಾರಣೆ ಮಾಡುವ ಕ್ರಮಕ್ಕೆ ಒಂದು ಸಮರ್ಥನೆ ಇದೆ: ಕ್ಯಾಲ್ಸಿಯಂ ಎಷ್ಟು ನಿಧಾನ ಕೊಡಬೇಕೆಂದು ಬಲ್ಲವರು ಅವರೇ. ರಾಜ್ಯ ಪರಿಷತ್ತಿನಲ್ಲಿ ನೋಂದಾಯಿತ ವೈದ್ಯರು ಆರಿಸಿದವರು, ಕಾಲೇಜುಗಳ ಮುಖ್ಯಸ್ಥರು, ಸರ್ಕಾರ ನೇಮಿಸಿದವರು, ಇಲಾಖೆಯ ನಿರ್ದೇಶಕರು ಇರುತ್ತಾರೆ. ಪ್ರಾಣಿ ಸಾಕುವವರಿಗೆಂದೇ ಮೀಸಲಾದ ಸ್ಥಾನ ಕಾಯ್ದೆಯಲ್ಲಿಲ್ಲ. ಬ್ರಿಟನ್ನಿನಲ್ಲಿ 1844ರಷ್ಟು ಹಿಂದೆಯೇ ರಾಜಸನದು ಪಡೆದು, 1966ರ ಕಾಯ್ದೆಯ ಪ್ರಕಾರ ಪಶುವೈದ್ಯರ ಶಿಸ್ತು ನೋಡುವ ರಾಯಲ್ ಕಾಲೇಜು ಕೂಡ ಮೊದಲು ಹೀಗೆಯೇ ಇತ್ತು. ಈಗ ಅದರ ಶಿಸ್ತು ಸಮಿತಿಯಲ್ಲಿ ವೃತ್ತಿಯ ಹೊರಗಿನವರೂ ಕೂರುತ್ತಾರೆ. ಅದೂ ಪರಿಹಾರ ಕೊಡಿಸುವುದಿಲ್ಲ, ಆದರೆ ಶುಲ್ಕ, ಸೇವೆಯಂಥ ಸಣ್ಣ ತಕರಾರುಗಳನ್ನು ಇಬ್ಬರನ್ನೂ ಕೂರಿಸಿ ಬಗೆಹರಿಸಲು ಪ್ರತ್ಯೇಕ ಮಧ್ಯಸ್ಥಿಕೆಯ ಏರ್ಪಾಡಿದೆ. ಕುರಿಗಾರರ ಒಬ್ಬ ಪ್ರತಿನಿಧಿಯನ್ನು ಸರ್ಕಾರ ತನ್ನ ಪಾಲಿನ ನೇಮಕದಲ್ಲಿ ಕರ್ನಾಟಕದ ಪರಿಷತ್ತಿಗೆ ಕಳಿಸಿದರೆ ಕಾಯ್ದೆಯನ್ನು ತಿದ್ದಬೇಕಾದ ಅಗತ್ಯವೂ ಬೀಳದು.

ಹೆಸರು ಕಳೆದುಕೊಂಡ ವೈದ್ಯರಿಗೆ ಅದನ್ನು ಮರಳಿ ಸೇರಿಸಲು ಕೇಳಿಕೊಳ್ಳುವ ಅವಕಾಶ ಕಾಯ್ದೆಯಲ್ಲಿದೆ. ಪರಿಷತ್ತು ನ್ಯಾಯಸಮ್ಮತವಾಗಿ ನಡೆದಿಲ್ಲ ಎನ್ನಿಸಿದರೆ ರಿಟ್ ಅರ್ಜಿಯೊಂದಿಗೆ ಹೈಕೋರ್ಟಿಗೂ ಹೋಗಬಹುದು. ಈ ಭಾಗದವರು ಅದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠ ಬಂದು, 2013ರಲ್ಲಿ ಕಾಯಂ ಆಯಿತು. ವಿಚಿತ್ರವೆಂದರೆ ಮೇಲಿನ ಮೆಟ್ಟಿಲು ಹತ್ತಿರ ಬಂದಿದೆ, ಮೊದಲ ಮೆಟ್ಟಿಲು ಇನ್ನೂ ಸುಮಾರು 500 ಕಿಲೊಮೀಟರ್ ದೂರದ ಹೆಬ್ಬಾಳದಲ್ಲಿದೆ. ದೂರನ್ನು ಅಂಚೆಯಲ್ಲಿ ಕಳಿಸಬಹುದು, ನಿಜ; ಸಾಕ್ಷಿ ಹೇಳಲು ಕುರಿಗಾರನೇ ಹೋಗಬೇಕು, ಅಷ್ಟು ದಿನ ಕುರಿ ಕಾಯುವವರು ಯಾರು? ಪರಿಷತ್ತಿನ ವಿಚಾರಣಾ ಸಮಿತಿ ಮೂರು ತಿಂಗಳಿಗೊಮ್ಮೆ ಕಲಬುರಗಿಯಲ್ಲಿ ಕುಳಿತು ಬೀದರ್, ಯಾದಗಿರಿ, ರಾಯಚೂರು ಕಡೆಯ ದೂರುಗಳನ್ನು ಕೇಳಬಹುದು. ಅಲ್ಲಿಯವರೆಗೆ ಉಪ ನಿರ್ದೇಶಕರ ಕಚೇರಿಯಿಂದ ವಿಡಿಯೊ ಮೂಲಕ ಸಾಕ್ಷ್ಯ ಪಡೆಯುವ ಕ್ರಮವನ್ನಾದರೂ ಜಾರಿಗೆ ತರಬಹುದು.